ನೇಪಲ್ಸ್ ಬಂದರಿನಲ್ಲಿ ಒಂದು ದಿನ: ಮರಳುವ ದಾರಿಗಳನ್ನು ಮೊದಲು ಎಣಿಸಿ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದಿಂದ ಹೊರಡುವ ಏಳು ರಾತ್ರಿಗಳ ಕ್ರೂಸ್ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದೇವೆ. ನಾನು, ನಮ್ಮ ಯಜಮಾನರು, 12 ವರ್ಷದ ಮಗಳು ಮತ್ತು 68 ವರ್ಷದ ಅತ್ತೆ. ಅತ್ತೆಯವರಿಗೆ ಮಂಡಿನೋವು ಇದೆ, ನಿಧಾನವಾಗಿ ನಡೆಯುತ್ತಾರೆ. ಹಡಗು ಫ್ರಾನ್ಸಿನ ಮಾರ್ಸೇ, ಇಟಲಿಯ ಲಿವೊರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್ ಬಂದರುಗಳಲ್ಲಿ ನಿಲ್ಲುತ್ತದೆ. ನೇಪಲ್ಸ್‌ನಲ್ಲಿ ಬೆಳಗ್ಗೆ 7ರಿಂದ ಸಂಜೆ 6.30ರವರೆಗೆ ಸಮಯವಿದೆ. ಹಡಗಿನವರು ಏರ್ಪಡಿಸುವ ಪ್ರವಾಸ ನಾಲ್ವರಿಗೆ ಬಹಳ ದುಬಾರಿಯಾಗುತ್ತದೆ. ನಾವೇ ಪೊಂಪೇಯಿ, ಸೊರೆಂಟೊ, ಅಮಾಲ್ಫಿ ನೋಡಿಕೊಂಡು ಬರಬಹುದೆ? ಸಾಧ್ಯವಾದರೆ ಕಾಪ್ರಿ ದ್ವೀಪವನ್ನೂ ನೋಡುವ ಆಸೆ. ಹಡಗು ತಪ್ಪಿಹೋದರೆ ಏನು ಗತಿ? ನಾವು ಸಸ್ಯಾಹಾರಿಗಳು.
ಮೈಸೂರಿನ ಓದುಗರೊಬ್ಬರು

ಉತ್ತರ: ನಾಲ್ಕೂ ಆಗುವುದಿಲ್ಲ. ಒಂದು ಆಗುತ್ತದೆ, ಅದು ಪೊಂಪೇಯಿ, ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ ಆಮೇಲೆ ಅಗೆದು ತೆಗೆದ ಹಳೆಯ ರೋಮನ್ ಊರು. ಅದರ ಜೊತೆಗೆ ನೇಪಲ್ಸ್ ನಗರದ ಒಂದು ತುಣುಕನ್ನೂ ನೋಡಬಹುದು. ಹಡಗಿನವರ ಪ್ರವಾಸ ಕೊಳ್ಳದೆ ನೀವೇ ಹೋಗಿ ಬರುವುದಕ್ಕೆ ಈ ಬಂದರಿನಷ್ಟು ಅನುಕೂಲವಾದ ಬಂದರು ಮೆಡಿಟರೇನಿಯನ್‌ನಲ್ಲಿ ಕಡಿಮೆ. ಧೈರ್ಯವಾಗಿ ಹೋಗಿ. ಆದರೆ ಲೆಕ್ಕವನ್ನು ಹೇಗೆ ಹಾಕಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಉಳಿದ ಮೂರು ಬಂದರುಗಳಿಗೂ ನೀವೇ ಯೋಜನೆ ಮಾಡಿಕೊಳ್ಳಬಹುದು.

ಟಿಕೆಟ್ಟಿನಲ್ಲಿ 7ರಿಂದ 6.30 ಎಂದಿದೆ, ಹನ್ನೊಂದೂವರೆ ಗಂಟೆ. ಅಷ್ಟೂ ನಿಮ್ಮ ಕೈಗೆ ಸಿಗುವುದಿಲ್ಲ. ಏಳು ಗಂಟೆ ಎಂಬುದು ಹಡಗು ಧಕ್ಕೆಗೆ ತಾಗುವ ಹೊತ್ತು. ಹಗ್ಗ ಬಿಗಿಯಬೇಕು, ಬಂದರಿನ ಅಧಿಕಾರಿಗಳ ಒಪ್ಪಿಗೆ ಸಿಗಬೇಕು, ಆಮೇಲೆ ಬಾಗಿಲು ತೆರೆಯುತ್ತದೆ. ಹಡಗಿನ ಪ್ರವಾಸ ಕೊಂಡವರ ಗುಂಪುಗಳು ಆಗಲೇ ಬಾಗಿಲ ಬಳಿ ಸಾಲುಗಟ್ಟಿರುತ್ತವೆ. ನಿಮ್ಮ ಕಾಲು ನೆಲಕ್ಕೆ ತಾಗುವಾಗ ಎಂಟಾಗಿದೆ ಎಂದುಕೊಳ್ಳಿ. ಹಾಗೆಯೇ 6.30 ಎಂಬುದು ಹಡಗು ಹೊರಡುವ ಹೊತ್ತು. ಎಲ್ಲರೂ ಒಳಗೆ ಇರಲೇಬೇಕಾದ ಹೊತ್ತು ಬೇರೆ ಇರುತ್ತದೆ. ಅದು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಕೆಲವು ಹಡಗುಗಳಲ್ಲಿ ಒಂದು ಗಂಟೆ ಮೊದಲು. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿಯ ಹಾಳೆಯಲ್ಲಿ ಅದನ್ನು ಅಚ್ಚುಹಾಕಿರುತ್ತಾರೆ. ನೀವು 5.30 ಎಂದು ಹಿಡಿಯಿರಿ. ಅದರಿಂದ ಇನ್ನೂ ಒಂದೂವರೆ ಗಂಟೆ ಕಳೆಯಿರಿ. ಅಂದರೆ ಸಂಜೆ 4ಕ್ಕೆ ನೀವು ಬಂದರಿನಿಂದ ನಡೆದು ತಲುಪುವಷ್ಟು ಹತ್ತಿರ ಇರಬೇಕು. ಕೈಗೆ ಸಿಕ್ಕಿದ್ದು ಎಂಟು ಗಂಟೆ.

ಈ ಒಂದೂವರೆ ಗಂಟೆಯನ್ನು ಯಾರೂ ವ್ಯರ್ಥ ಎಂದುಕೊಳ್ಳಬಾರದು. ಒಮ್ಮೆ ಇಟಲಿಯ ಒಂದು ಬಂದರಿನಲ್ಲಿ ನಾನು ಹಡಗಿನ ಮೇಲಂತಸ್ತಿನ ಕಟಕಟೆ ಹಿಡಿದು ನಿಂತಿದ್ದೆ. ಹಗ್ಗ ಬಿಚ್ಚಿಯಾಗಿತ್ತು. ಹಡಗಿಗೂ ಧಕ್ಕೆಗೂ ನಡುವೆ ಒಂದು ಮಾರಿನಷ್ಟು ನೀರು ಕಾಣುತ್ತಿತ್ತು. ಆಗ ಕಟ್ಟಡದ ಮೂಲೆಯಿಂದ ಗಂಡ ಹೆಂಡತಿ ಇಬ್ಬರು ಓಡಿ ಬಂದರು. ಆಕೆ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. ಅವರು ಕೈ ಬೀಸಿದರು, ಮೇಲಿನಿಂದ ನೂರಾರು ಜನ ನೋಡುತ್ತ ನಿಂತರು. ನೀರಿನ ಪಟ್ಟಿ ಅಗಲವಾಗುತ್ತಲೇ ಹೋಯಿತು. ದ್ವೀಪದಿಂದ ಮರಳುವ ದೋಣಿಯಲ್ಲಿ ಜಾಗ ಸಿಗದೆ ಅವರಿಗೆ ತಡವಾಯಿತಂತೆ, ಆಮೇಲೆ ತಿಳಿಯಿತು. ಆಕೆಯ ಮುಖ ನನಗೆ ಇಂದಿಗೂ ನೆನಪಿದೆ. ಸ್ವಂತವಾಗಿ ಓಡಾಡುವವರಿಗಾಗಿ ಹಡಗು ಕಾಯುವುದಿಲ್ಲ. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಕಾಯುತ್ತದೆ. ಆ ದುಬಾರಿ ಟಿಕೆಟ್ಟಿನಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಈ ಭರವಸೆಯನ್ನೇ.

ಹಾಗಾದರೆ ಆ ಭರವಸೆ ಎಲ್ಲಿ ಬೇಕು, ಎಲ್ಲಿ ಬೇಡ? ಬಹಳ ಜನ ದೂರವನ್ನು ನೋಡಿ ತೀರ್ಮಾನಿಸುತ್ತಾರೆ. ನಾನು ನೋಡುವುದು ಬೇರೆ: ಆ ಜಾಗದಿಂದ ಹಡಗಿಗೆ ಮರಳಲು ಒಂದಕ್ಕೊಂದು ಸಂಬಂಧವಿಲ್ಲದ ದಾರಿಗಳು ಎಷ್ಟಿವೆ? ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆಯೆ?

ಪೊಂಪೇಯಿಗೆ ಮೂರು ದಾರಿ ಇವೆ. ವೆಸುವಿಯಸ್ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುವ ಸರ್ಕುಮ್‌ವೆಸುವಿಯಾನ ಎಂಬ ಸ್ಥಳೀಯ ರೈಲು ಒಂದು. ಅದಕ್ಕೆ ಸಂಬಂಧವೇ ಇಲ್ಲದ, ನೇಪಲ್ಸ್ ಮತ್ತು ಸಲೆರ್ನೊ ನಡುವಿನ ರಾಷ್ಟ್ರೀಯ ರೈಲುಮಾರ್ಗ ಇನ್ನೊಂದು. ಮೂರನೆಯದು ಹೆದ್ದಾರಿ, ಅಂದರೆ ಟ್ಯಾಕ್ಸಿ. ಸೊರೆಂಟೊಗೂ ರೈಲು, ದೋಣಿ, ರಸ್ತೆ ಇವೆ. ಆದರೆ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಪೊಂಪೇಯಿಯ ಜೊತೆ ಸೇರಿಸಿದರೆ ಎರಡನ್ನೂ ಅರೆಬರೆ ನೋಡಿದಂತಾಗುತ್ತದೆ. ಅಮಾಲ್ಫಿಗೆ ರೈಲೇ ಇಲ್ಲ. ಮುಖ್ಯ ದಾರಿ ಬಂಡೆಯನ್ನು ಕೊರೆದು ಮಾಡಿದ ಒಂದು ಕಿರಿದಾದ ರಸ್ತೆ, ಒಂದರ ಹಿಂದೊಂದು ತಿರುವು. ಎರಡು ಬಸ್ಸುಗಳು ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಸೆಪ್ಟೆಂಬರ್‌ನಲ್ಲಿ ಆ ರಸ್ತೆ ತುಂಬಿರುತ್ತದೆ. ಕಾಪ್ರಿಗೆ ಸಮುದ್ರವೊಂದೇ ದಾರಿ. ನೇಪಲ್ಸ್‌ನ ಬೆವೆರೆಲ್ಲೊ ಧಕ್ಕೆಯಿಂದ ವೇಗದ ದೋಣಿಯಲ್ಲಿ ಸುಮಾರು 50 ನಿಮಿಷ ಅಷ್ಟೆ, ನಿಮ್ಮ ಹಡಗಿನ ಪಕ್ಕದಿಂದಲೇ ಹೊರಡುತ್ತದೆ, ನೋಡಿದರೆ ಆಸೆಯಾಗುತ್ತದೆ. ಗಾಳಿ ಎದ್ದರೆ ಅದೇ ದೋಣಿ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಳುವ ದೋಣಿಗಳ ಟಿಕೆಟ್ ಮುಗಿದಿರುವುದೂ ಉಂಟು. ಅಮಾಲ್ಫಿ ನೋಡಲೇಬೇಕೆಂದಿದ್ದರೆ ಹಡಗಿನವರ ಬಸ್ಸಿನಲ್ಲೇ ಹೋಗಿ, ಅಲ್ಲಿ ಆ ಹಣಕ್ಕೆ ಬೆಲೆ ಇದೆ. ಪೊಂಪೇಯಿಗೆ ಆ ಹಣ ಬೇಕಿಲ್ಲ.

ಈಗ ನಿಮ್ಮ ದಿನಕ್ಕೆ ಬರುತ್ತೇನೆ. ಅತ್ತೆಯವರ ಮಂಡಿಯನ್ನು ನಡುವೆ ಇಟ್ಟುಕೊಂಡೇ ಇದನ್ನು ಹೆಣೆದಿದ್ದೇನೆ. ಅವರು ದಣಿದರೆ ನಾಲ್ವರ ದಿನವೂ ಅಲ್ಲಿಗೇ ನಿಲ್ಲುತ್ತದೆ.

ಹಡಗು ನಿಲ್ಲುವುದು ಊರಿನ ನಡುವಿನಲ್ಲೇ. ಧಕ್ಕೆಯ ಕಟ್ಟಡದಿಂದ ಹೊರಬಂದರೆ ಎದುರಿಗೇ ಕಪ್ಪು ಗೋಪುರಗಳ ಕಸ್ತೆಲ್ ನುವೊವೊ ಕೋಟೆ ಕಾಣುತ್ತದೆ. 1279ರಲ್ಲಿ ಕಟ್ಟಲು ತೊಡಗಿದ ಕೋಟೆ ಅದು. ಅದರ ಪಕ್ಕದ ಮುನಿಚಿಪಿಯೊ ಚೌಕದ ಕೆಳಗೆ ಮೆಟ್ರೊ ನಿಲ್ದಾಣವಿದೆ. ಆ ನಿಲ್ದಾಣಕ್ಕಾಗಿ ನೆಲ ಅಗೆದಾಗ ಹಳೆಯ ರೋಮನ್ ಬಂದರೂ, ಅದರ ಕೆಸರಿನಲ್ಲಿ ಹೂತಿದ್ದ ಮರದ ದೋಣಿಗಳೂ ಸಿಕ್ಕಿದವು. ನೀವು ಇಳಿದ ಜಾಗದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೂ ಜನ ಹಡಗಿನಿಂದ ಇಳಿಯುತ್ತಿದ್ದರು ಎಂದು ಮಗಳಿಗೆ ಹೇಳಿ.

ಹೋಗುವಾಗ ಟ್ಯಾಕ್ಸಿ, ಬರುವಾಗ ರೈಲು. ಇದು ನನ್ನ ಸಲಹೆ. ಕಾರಣ ಪೊಂಪೇಯಿಯ ಬಾಗಿಲುಗಳಲ್ಲಿದೆ. ರೈಲಿನಲ್ಲಿ ಹೋದವರು ಪೋರ್ಟಾ ಮರೀನಾ ಎಂಬ ಪಶ್ಚಿಮದ ಬಾಗಿಲಿನಿಂದ ಒಳಹೋಗುತ್ತಾರೆ. ಅಲ್ಲಿ ಆರಂಭವೇ ಕಡಿದಾದ ಏರು. ಕಾಲುಗಳು ಸವೆಸಿ ನುಣುಪಾಗಿಸಿದ ಕಲ್ಲು ಬೇರೆ. ಪೂರ್ವದ ತುದಿಯಲ್ಲಿ ಪಿಯಾತ್ಸಾ ಅನ್ಫಿತೆಯಾತ್ರೊ ಎಂಬ ಇನ್ನೊಂದು ಬಾಗಿಲಿದೆ. ಅಲ್ಲಿಂದ, ನಡೆಯಲು ಕಷ್ಟವಿರುವವರಿಗಾಗಿ ‘ಪೊಂಪೇಯಿ ಎಲ್ಲರಿಗಾಗಿ’ ಎಂಬ ಅರ್ಥದ ಹೆಸರಿಟ್ಟು, ಮೂರು ಕಿಲೋಮೀಟರ್‌ಗಿಂತ ಉದ್ದದ ಸಮತಟ್ಟಾದ ಹಾದಿಯನ್ನು ಮಾಡಿದ್ದಾರೆ. ಗಾಲಿಕುರ್ಚಿಯೂ ಹೋಗುವಂಥ ಹಾದಿ. ಟ್ಯಾಕ್ಸಿಯವರಿಗೆ ಈ ಬಾಗಿಲಿನ ಹೆಸರನ್ನೇ ಹೇಳಿ, ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ನೇಪಲ್ಸ್‌ನ ಬಿಳಿ ಟ್ಯಾಕ್ಸಿಗಳಲ್ಲಿ ಹಲವು ಜಾಗಗಳಿಗೆ ಮೊದಲೇ ಗೊತ್ತುಮಾಡಿದ ದರ ಇರುತ್ತದೆ. ಆ ದರ ಬೇಕೆಂದು ಹತ್ತುವ ಮೊದಲೇ ಕೇಳಬೇಕು, ‘ತರಿಫ್ಫಾ ಪ್ರೆದೆತೆರ್ಮಿನಾತಾ’ ಎಂದರೆ ಸಾಕು. ಹೊರಟ ಮೇಲೆ ಕೇಳಿದರೆ ಮೀಟರ್ ಓಡುತ್ತದೆ. ಧಕ್ಕೆಯ ಬಾಗಿಲಿನಲ್ಲೇ ಕೈಹಿಡಿದು ಕರೆಯುವ ಖಾಸಗಿ ಕಾರುಗಳಿಗೆ ಬೇಡ ಎನ್ನಿ.

8.15ಕ್ಕೆ ಹೊರಟರೆ ಸುಂಕದ ಹೆದ್ದಾರಿಯಲ್ಲಿ 9ರ ಸುಮಾರಿಗೆ ತಲುಪುತ್ತೀರಿ. ಬಾಗಿಲು ತೆರೆಯುವುದೂ 9ಕ್ಕೆ. ಟಿಕೆಟ್ಟನ್ನು ಊರಿನಿಂದಲೇ ಕೊಂಡಿರಬೇಕು. 2024ರ ನವೆಂಬರ್‌ನಿಂದ ಪೊಂಪೇಯಿಗೆ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟ್ಟಿನ ಮೇಲೆ ನೋಡುಗರ ಹೆಸರೂ ಇರುತ್ತದೆ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಇಟಲಿಯ ಸರ್ಕಾರಿ ಸ್ಮಾರಕಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಆದರೂ ಮಗಳ ಹೆಸರಿಗೆ ಉಚಿತ ಟಿಕೆಟ್ ತೆಗೆಸಬೇಕು, ವಯಸ್ಸಿಗೆ ದಾಖಲೆ ಬೇಕು. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ನಿಮ್ಮ ಹಡಗು ಬರುವುದು ಅಂಥ ಭಾನುವಾರವಾಗಿದ್ದರೆ ಜನಜಂಗುಳಿ ಬಹಳ ಇರುತ್ತದೆ, ಆ ದಿನಕ್ಕೆ ಸಣ್ಣ ಊರಾದ ಹೆರ್ಕುಲೇನಿಯಮ್ ನೋಡಿ. ಅದೂ ಅದೇ ಬೆಟ್ಟದ ಅಡಿಯಲ್ಲಿ ಹೂತ ಊರು, ರೈಲಿನಲ್ಲಿ ಇನ್ನೂ ಹತ್ತಿರ. ಅಲ್ಲಿ ಎರಡಂತಸ್ತಿನ ಮನೆಗಳೂ ಇದ್ದಿಲಾದ ಮರದ ಬಾಗಿಲುಗಳೂ ಉಳಿದಿವೆ. ನಿಲ್ದಾಣದಿಂದ ಇಳಿಜಾರಿನಲ್ಲಿ ಹೋಗುತ್ತೀರಿ, ಮರಳುವಾಗ ಏರು. ಅತ್ತೆಯವರಿಗೆ ಅದೊಂದೇ ತೊಂದರೆ.

ಒಳಗೆ ಮೂರೂವರೆ ಗಂಟೆ ಇಟ್ಟುಕೊಳ್ಳಿ. 30 ಸೆಂಟಿಮೀಟರ್‌ಗಿಂತ ಉದ್ದಗಲದ ಚೀಲವನ್ನು ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ. ನೆರಳು ಇಲ್ಲವೇ ಇಲ್ಲ ಎನ್ನಬಹುದು, ಛತ್ರಿ ಇರಲಿ. ಚಪ್ಪಲಿ ಬೇಡ, ಅಡಿ ಹಿಡಿಯುವ ಬೂಟು ಹಾಕಿಸಿ.

ಪೂರ್ವದ ಬಾಗಿಲಿನ ಪಕ್ಕದಲ್ಲೇ ಅಂಡಾಕಾರದ ಕ್ರೀಡಾಂಗಣವಿದೆ. ಕ್ರಿಸ್ತಪೂರ್ವ 70ರ ಸುಮಾರಿಗೆ ಕಲ್ಲಿನಿಂದ ಕಟ್ಟಿದ್ದು, ಆ ಬಗೆಯವುಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು. ಅಲ್ಲಿಂದ ಅಬ್ಬೊಂದಾನ್ತ್ಸಾ ಎಂಬ ಉದ್ದನೆಯ ಬೀದಿಯನ್ನು ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಊರನ್ನು ಪೂರ್ತಿ ನೋಡುವ ಹಟ ಬೇಡ. ಅಗೆದು ತೆಗೆದಿರುವ ಭಾಗವೇ 40 ಹೆಕ್ಟೇರ್‌ಗಿಂತ ಹೆಚ್ಚಿದೆ, ಮೂರನೆಯ ಒಂದು ಪಾಲು ಇನ್ನೂ ಮಣ್ಣಿನಡಿಯಲ್ಲೇ ಇದೆ. ಈ ಒಂದು ಬೀದಿಯನ್ನು ನಿಧಾನವಾಗಿ ನೋಡಿದರೆ ಊರಿನ ಸಂಸಾರವೇ ಕಣ್ಣೆದುರು ಬರುತ್ತದೆ.

ಬೀದಿ ತಗ್ಗಿನಲ್ಲಿದೆ, ಇಕ್ಕೆಲದ ಕಾಲುದಾರಿ ಎತ್ತರದಲ್ಲಿದೆ. ಬೀದಿ ದಾಟಲು ಅಡ್ಡಲಾಗಿ ಮೂರು ದಪ್ಪ ಕಲ್ಲುಗಳನ್ನು ಇಟ್ಟಿದ್ದಾರೆ. ಮಳೆನೀರೂ ಕೊಳೆನೀರೂ ಹರಿಯುವಾಗ ಕಾಲು ಒದ್ದೆಯಾಗದಂತೆ ಜನ ಅದರ ಮೇಲೆ ಹೆಜ್ಜೆಯಿಟ್ಟು ದಾಟುತ್ತಿದ್ದರು. ಕಲ್ಲುಗಳ ನಡುವಿನ ಸಂದಿನಲ್ಲಿ ಗಾಡಿಯ ಚಕ್ರಗಳು ಹಾಯುತ್ತಿದ್ದವು. ಬಗ್ಗಿ ನೋಡಿದರೆ ಆ ಸಂದಿನಲ್ಲೇ ಚಕ್ರ ಸವೆಸಿದ ಗೀರು ಕಾಣುತ್ತದೆ, ನಿಮ್ಮ ಮಗಳ ಅಂಗೈ ಪೂರ್ತಿ ಇಳಿಯುವಷ್ಟು ಆಳ. ಇನ್ನಷ್ಟು ಮುಂದೆ ಬೀದಿಗೆ ಮುಖಮಾಡಿದ ಕಟ್ಟೆಗಳಲ್ಲಿ ಮಣ್ಣಿನ ಹಂಡೆಗಳನ್ನು ಹೂತಿಟ್ಟ ಅಂಗಡಿಗಳಿವೆ. ಮನೆಯಲ್ಲಿ ಒಲೆ ಇಲ್ಲದವರು ನಿಂತು ತಿಂದು ಹೋಗುತ್ತಿದ್ದ ಜಾಗಗಳು. ಬ್ರೆಡ್ ಸುಡುತ್ತಿದ್ದ ಮನೆಯಲ್ಲಿ ಆಳೆತ್ತರದ ಬೀಸುವ ಕಲ್ಲುಗಳು ಸಾಲಾಗಿ ನಿಂತಿವೆ. ಲಾವಾ ಕಲ್ಲಿನವು, ಡಮರುವಿನ ಆಕಾರ, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಅವುಗಳ ಎದುರಿನ ಒಲೆಯ ಬಾಯಿ ಮಸಿ ಹಿಡಿದಂತೆಯೇ ಇದೆ. ನನ್ನ ತಾಯಿಯನ್ನು ಅಲ್ಲಿಗೆ ಕರೆದೊಯ್ದಾಗ ಅವರು ದೊಡ್ಡ ಮನೆಗಳ ಚಿತ್ರಗಳನ್ನು ಒಮ್ಮೆ ನೋಡಿ ಮುಂದೆ ಹೋದರು, ಈ ಬೀಸುವ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತರು. ಹಿಟ್ಟು ಎಲ್ಲಿಂದ ಬೀಳುತ್ತದೆ ಎಂದು ಸುತ್ತು ಬಂದು ನೋಡಿದರು. ನಿಮ್ಮ ಅತ್ತೆಯವರಿಗೂ ಅಲ್ಲಿ ಸಮಯ ಕೊಡಿ.

ಕೊನೆಗೆ ಫೋರಮ್ ಎಂಬ ಊರ ಚೌಕ ಬರುತ್ತದೆ. ಮುರಿದ ಕಂಬಗಳ ಹಿಂದೆ ವೆಸುವಿಯಸ್ ನಿಂತಿರುತ್ತದೆ. ಕ್ರಿಸ್ತಶಕ 79ರಲ್ಲಿ ಊರನ್ನು ಮುಚ್ಚಿದ ಬೆಟ್ಟ ಅದೇ. ಬೂದಿಯೊಳಗೆ ಸಿಕ್ಕಿಬಿದ್ದವರ ದೇಹ ಕರಗಿ ಉಳಿದ ಟೊಳ್ಳಿನೊಳಗೆ ಜಿಪ್ಸಮ್ ಗಾರೆ ಸುರಿದು, ಅವರ ಕೊನೆಯ ಭಂಗಿಯನ್ನು ಹೊರತೆಗೆಯುವ ವಿಧಾನವನ್ನು 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಬಳಕೆಗೆ ತಂದರು. ಅಂಥ ಅಚ್ಚುಗಳನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಅವು ಬೊಂಬೆಗಳಲ್ಲ, ಒಳಗೆ ಮೂಳೆಗಳಿವೆ. 12 ವರ್ಷದ ಹುಡುಗಿಗೆ ಇದನ್ನು ಮೊದಲೇ ಹೇಳಿರುವುದು ಒಳ್ಳೆಯದು.

ಈಗ ಪೋರ್ಟಾ ಮರೀನಾದ ಮೂಲಕ ಹೊರಗೆ ಬನ್ನಿ. ಮೊದಲು ಹೇಳಿದ ಏರು ಈಗ ಇಳಿಜಾರಾಗಿರುತ್ತದೆ, ಆದರೆ ಕಲ್ಲು ಜಾರುತ್ತದೆ. ಅತ್ತೆಯವರ ಕೈಯನ್ನು ಒಬ್ಬರು ಹಿಡಿದೇ ಇಳಿಸಬೇಕು. ಬಾಗಿಲಿನ ಎದುರೇ ರೈಲು ನಿಲ್ದಾಣ. ಅದರ ಪೂರ್ತಿ ಹೆಸರು ‘ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’. ಪೂರ್ತಿ ಹೆಸರು ಹೇಳಲು ಕಾರಣವಿದೆ. ಪೊಂಪೇಯಿ ಎಂಬ ಹೆಸರಿನ ನಿಲ್ದಾಣ ಒಂದಕ್ಕಿಂತ ಹೆಚ್ಚಿವೆ. ಒಮ್ಮೆ ನೇಪಲ್ಸ್‌ನಿಂದ ಹೊರಟಾಗ ಸೊರೆಂಟೊ ರೈಲು ಎಂದು ತಿಳಿದು ಪೊಜ್ಜೊಮರೀನೊ ಕಡೆಯ ರೈಲು ಹತ್ತಿ, ಹೊಸ ಊರಿನ ಪೊಂಪೇಯಿ ಸಾಂತುವಾರಿಯೊ ನಿಲ್ದಾಣದಲ್ಲಿ ಇಳಿದೆ. ದೂರವೇನೂ ತಪ್ಪಲಿಲ್ಲ, ಆದರೆ ಟಿಕೆಟ್ ತೆಗೆಸಿದ್ದ ಬಾಗಿಲನ್ನು ಹುಡುಕುವುದರಲ್ಲಿ ಮುಕ್ಕಾಲು ಗಂಟೆ ಹೋಯಿತು. ಮರಳುವಾಗ ನಿಮಗೆ ಈ ಗೊಂದಲವಿಲ್ಲ, ನೇಪಲ್ಸ್ ಎಂದಿರುವ ಯಾವ ರೈಲಾದರೂ ಸರಿ. ಟಿಕೆಟ್ ಕೆಲವೇ ಯೂರೊ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ.

ಈ ರೈಲು ಹಳೆಯದು, ಬೇಸಿಗೆಯಲ್ಲಿ ಕಿಕ್ಕಿರಿದಿರುತ್ತದೆ, ಕೂರಲು ಜಾಗ ಸಿಗದೇ ಹೋಗಬಹುದು. ವಯಸ್ಸಾದವರನ್ನು ಕಂಡರೆ ಎದ್ದು ಜಾಗ ಕೊಡುವವರು ಅಲ್ಲಿಯೂ ಇದ್ದಾರೆ. ಜೇಬುಗಳ್ಳರೂ ಇದ್ದಾರೆ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ. ಚಿನ್ನದ ಬಳೆ, ಸರಗಳನ್ನು ಹಡಗಿನ ಕೋಣೆಯ ತಿಜೋರಿಯಲ್ಲೇ ಇಡಿ. ಮಾಂಗಲ್ಯವನ್ನು ತೆಗೆಯಲು ಅತ್ತೆಯವರಿಗೆ ಮನಸ್ಸಾಗುವುದಿಲ್ಲ, ಬೇಕಾಗಿಯೂ ಇಲ್ಲ. ಕತ್ತಿನವರೆಗೆ ಮುಚ್ಚುವ ಉಡುಪು ಹಾಕಿ ಒಳಗೆ ಸೇರಿಸಿಕೊಂಡರೆ ಸಾಕು.

ಮಧ್ಯಾಹ್ನ 1ರ ಸುಮಾರಿನ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ನೇಪಲ್ಸ್‌ನ ಗಾರಿಬಾಲ್ಡಿ ನಿಲ್ದಾಣಕ್ಕೆ ಬರುತ್ತೀರಿ. ರೈಲು ಬಹಳ ತಡವಾಗುತ್ತಿದೆ ಎಂದು ಕಂಡರೆ, 2.30ರವರೆಗೆ ಮಾತ್ರ ಕಾದು ಟ್ಯಾಕ್ಸಿ ಹಿಡಿಯಿರಿ. ಈ ಗಡಿಯನ್ನು ಬೆಳಗ್ಗೆಯೇ ನಿಶ್ಚಯಿಸಿ ನಾಲ್ವರಿಗೂ ಹೇಳಿಬಿಡಿ. ಅಲ್ಲಿ ನಿಂತು ಚರ್ಚೆಗೆ ಇಳಿದರೆ ಇನ್ನೊಂದು ಹತ್ತು ನಿಮಿಷ ನೋಡೋಣ ಎಂದೇ ಎಲ್ಲರಿಗೂ ಅನ್ನಿಸುತ್ತದೆ.

ಗಾರಿಬಾಲ್ಡಿಯಿಂದ ಮೆಟ್ರೊ ಒಂದನೇ ಮಾರ್ಗ ಹತ್ತಿದರೆ ಮೂರನೆಯ ನಿಲ್ದಾಣವೇ ಮುನಿಚಿಪಿಯೊ, ಅಂದರೆ ನಿಮ್ಮ ಹಡಗು. ಅತ್ತೆಯವರಿಗೆ ಸಾಕಾಗಿದ್ದರೆ ಅಲ್ಲೇ ಇಳಿದು ಒಬ್ಬರು ಅವರನ್ನು ಬಿಟ್ಟುಬರಬಹುದು. ಉಳಿದವರು ಅದೇ ರೈಲಿನಲ್ಲಿ ಮುಂದೆ ತೊಲೆದೊ, ದಾಂತೆ ದಾಟಿ ಮುಸೆವೊ ನಿಲ್ದಾಣಕ್ಕೆ ಹೋಗಿ. ಅಲ್ಲಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಪೊಂಪೇಯಿಯ ಮನೆಗಳಿಂದ ತೆಗೆದ ಚಿತ್ರಗಳು, ಪಾತ್ರೆಗಳು, ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್‌ಗಳು ಇವೆ. ಬಯಲಿನಲ್ಲಿ ನೋಡಿದ ಖಾಲಿ ಮನೆಗಳು ಇಲ್ಲಿ ತುಂಬಿಕೊಳ್ಳುತ್ತವೆ. ಮಂಗಳವಾರ ರಜೆ. ಹಡಗು ಬರುವುದು ಮಂಗಳವಾರವಾದರೆ ಇದನ್ನು ಬಿಟ್ಟು, ಬಂದರಿನ ಹತ್ತಿರದ ಗಾಜಿನ ಚಾವಣಿಯ ಗಲ್ಲೆರಿಯಾ ಉಂಬೆರ್ತೊ ಮತ್ತು 1737ರ ಸಾನ್ ಕಾರ್ಲೊ ರಂಗಮಂದಿರದ ಸುತ್ತ ನಡೆದಾಡಿ.

ಸಂಗ್ರಹಾಲಯದಲ್ಲಿ ನಮ್ಮ ನಾಡಿನ ಒಂದು ವಸ್ತು ಇದೆ. 1938ರಲ್ಲಿ ಅದೇ ಅಬ್ಬೊಂದಾನ್ತ್ಸಾ ಬೀದಿಯ ಒಂದು ಮನೆಯಲ್ಲಿ ಸಿಕ್ಕಿದ, ಒಂದು ಗೇಣು ಎತ್ತರದ ದಂತದ ಹೆಣ್ಣುಮೂರ್ತಿ. ಮೈತುಂಬ ಆಭರಣ, ಎರಡೂ ಬದಿಯಲ್ಲಿ ಚಿಕ್ಕ ಸೇವಕಿಯರು. ಭಾರತದಲ್ಲಿ ಕೆತ್ತಿದ್ದು. ಮೊದಲು ಲಕ್ಷ್ಮಿ ಎಂದರು, ಯಕ್ಷಿ ಇರಬೇಕೆಂಬುದು ಈಗ ಹೆಚ್ಚು ವಿದ್ವಾಂಸರ ಮಾತು. ಮಹಾರಾಷ್ಟ್ರದ ಭೋಕರ್ದನ್‌ನಲ್ಲಿ ಇದನ್ನು ಹೋಲುವ ಕೆತ್ತನೆ ಸಿಕ್ಕಿದೆ. ಭಾರತಕ್ಕೂ ರೋಮ್‌ಗೂ ಆಗ ನಡೆಯುತ್ತಿದ್ದ ವ್ಯಾಪಾರದ ಇನ್ನೊಂದು ತುದಿ ನಮ್ಮ ಚಿತ್ರದುರ್ಗದಲ್ಲಿದೆ: ಚಂದ್ರವಳ್ಳಿಯ ಉತ್ಖನನದಲ್ಲಿ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು ದೊರೆತಿವೆ. ಪೊಂಪೇಯಿಯ ಬೀದಿಯಲ್ಲಿ ಜನ ಓಡಾಡುತ್ತಿದ್ದ ಕಾಲದ ಹಣ ಅದು. ಇದನ್ನು ತಿಳಿದು ಆ ಮೂರ್ತಿಯ ಮುಂದೆ ನಿಂತರೆ ಮನಸ್ಸು ತುಂಬಿಬರುತ್ತದೆ. ಒಂದು ಮಾತು: ಅದನ್ನು ಇಟ್ಟಿರುವುದು ಪೊಂಪೇಯಿಯ ಕಾಮಸಂಬಂಧಿ ಕಲಾಕೃತಿಗಳ ಪ್ರತ್ಯೇಕ ಕೋಣೆಗಳಲ್ಲಿ. ಮಗಳನ್ನು ಕರೆದೊಯ್ಯಬೇಕೋ ಬೇಡವೋ ಎಂಬುದನ್ನು ನೀವಿಬ್ಬರೂ ಮೊದಲೇ ಯೋಚಿಸಿಕೊಳ್ಳಿ. ಒಬ್ಬರು ಹೊರಗೆ ಮಗಳೊಂದಿಗೆ ನಿಂತು, ಸರದಿಯ ಮೇಲೆ ನೋಡಿ ಬರುವುದೂ ಆಗುತ್ತದೆ.

ಊಟದ ಚಿಂತೆ ಬೇಡ, ನೇಪಲ್ಸ್ ಪಿಟ್ಸಾದ ತವರು. ಮಾರ್ಗರಿತಾ ನಿಮಗೆ ಗೊತ್ತು. ಮರಿನಾರಾ ಎಂಬುದರ ಹೆಸರು ಕೇಳಿ ಮೀನು ಇರುತ್ತದೆ ಎಂದು ನಮ್ಮವರು ಬಿಡುತ್ತಾರೆ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೆ, ಚೀಸ್ ಕೂಡ ಇಲ್ಲ. ಆದರೂ ಕೇಳಿಯೇ ತಿನ್ನಿ: ‘ಸೆಂಜಾ ಕಾರ್ನೆ, ಸೆಂಜಾ ಪೆಶೆ’, ಮಾಂಸ ಬೇಡ, ಮೀನು ಬೇಡ. ‘ಅಲಿಚಿ’ ಎಂದು ಬರೆದಿದ್ದರೆ ಅದು ಸಣ್ಣ ಮೀನು. ಎಣ್ಣೆಯಲ್ಲಿ ಕರಿದ ಪಿಟ್ಸಾದ ಹೂರಣದಲ್ಲಿ ಹಂದಿಮಾಂಸದ ಚೂರು ಇರುವುದು ವಾಡಿಕೆ. ಪದರಪದರವಾದ ಸ್ಫೊಲ್ಯತೆಲ್ಲಾ ಎಂಬ ಸಿಹಿ ನೋಡಲು ಚಿರೋಟಿಯಂತಿರುತ್ತದೆ, ಆದರೆ ಅದರ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವ ಪದ್ಧತಿ ಇದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಪಾರ್ಮಿಜಾನೊ ಚೀಸಿಗೂ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅತ್ತೆಯವರು ಕಟ್ಟುನಿಟ್ಟಾದರೆ ಅವರಿಗೆ ಮರಿನಾರಾವೇ ಸರಿ.

ಇನ್ನು ನಿಮ್ಮ ಭಯದ ಪ್ರಶ್ನೆ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಹತ್ತಬೇಕು. ನಿಮ್ಮ ಬಂದರುಗಳೆಲ್ಲ ಸ್ಪೇನ್, ಫ್ರಾನ್ಸ್, ಇಟಲಿಯವು, ಮೂರೂ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳು. ಹಾಗಾಗಿ ವೀಸಾದ ತೊಡಕಿಲ್ಲ. ಟರ್ಕಿಗೋ ಮಾಂಟೆನೆಗ್ರೊಗೋ ಹೋಗಿಬರುವ ಹಡಗಾದರೆ ಹಲವು ಬಾರಿ ಪ್ರವೇಶವಿರುವ ವೀಸಾ ಬೇಕೇ ಬೇಕು. ಕೆಲವು ಹಡಗುಗಳು ಪ್ರಯಾಣಿಕರ ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತವೆ. ನಿಮ್ಮ ಹಡಗಿನಲ್ಲಿ ಹೇಗೆ ಎಂದು ಮೊದಲ ದಿನವೇ ಕೇಳಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲನ್ನು ಒಬ್ಬೊಬ್ಬರ ಬಳಿಯೂ ಇಡಿ. ಅಂದಿನ ದಿನಚರಿಯ ಹಾಳೆಯಲ್ಲಿ ಆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ಸಂಖ್ಯೆ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ತಡವಾಗುವುದು ಖಚಿತವಾದ ಕೂಡಲೇ ಆ ಸಂಖ್ಯೆಗೆ ಕರೆ ಮಾಡಬೇಕು. ಬಿಟ್ಟುಹೋದವರ ಪಾಸ್‌ಪೋರ್ಟನ್ನು ಏಜೆಂಟರ ಕೈಗೆ ಕೊಟ್ಟು ಹೊರಡುವುದು ಅನೇಕ ಹಡಗುಗಳ ರೂಢಿ. ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಯವರ ಔಷಧಿಯನ್ನು ಎರಡು ದಿನಕ್ಕಾಗುವಷ್ಟು ಕೈಚೀಲದಲ್ಲಿ ಇಡಿ. ಹಡಗು ತಪ್ಪಿದರೆ ಹಣದಿಂದ ಸರಿಮಾಡಿಕೊಳ್ಳಬಹುದು. ರಕ್ತದೊತ್ತಡದ ಮಾತ್ರೆ ಹಡಗಿನಲ್ಲೇ ಉಳಿದರೆ ಆ ರಾತ್ರಿ ಕಷ್ಟವಾಗುತ್ತದೆ.

ಇಟಲಿಯ ರೈಲು, ಬಸ್ ನೌಕರರು ಮುಷ್ಕರವನ್ನು ಮೊದಲೇ ಘೋಷಿಸಿಯೇ ಮಾಡುತ್ತಾರೆ. ಅಲ್ಲಿನ ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದಿನಾಂಕಗಳ ಪಟ್ಟಿ ಇರುತ್ತದೆ. ‘ಶೊಪೆರೊ’ ಎಂಬ ಪದ ಹುಡುಕಿ, ಹೊರಡುವ ವಾರ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ ನೋಡಿ. ಮುಷ್ಕರದ ದಿನವೂ ಕೆಲವು ಗಂಟೆ ಸೇವೆ ಇರುತ್ತದೆ, ಆದರೆ ಅದು ನಿಮಗೆ ಬೇಕಾದ ಹೊತ್ತಿಗೆ ಹೊಂದದೇ ಹೋಗಬಹುದು. ಅಂದು ಎರಡೂ ಕಡೆಗೆ ಕಾರು ಗೊತ್ತುಮಾಡಿ.

ಉಳಿದ ಬಂದರುಗಳಿಗೂ ಇದೇ ಲೆಕ್ಕ. ಚಿವಿತಾವೆಕ್ಕಿಯಾದಿಂದ ರೋಮ್‌ಗೆ ರೈಲುಗಳು ಬಹಳ, ಸುಮಾರು ಒಂದು ಗಂಟೆಯ ದಾರಿ. ಬಂದರಿನ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬ ಜಾಗದವರೆಗೆ ಬಿಡುತ್ತದೆ. ಅಲ್ಲಿಂದ ರೈಲು ನಿಲ್ದಾಣ ಇನ್ನೂ ಸ್ವಲ್ಪ ದೂರ, ಅತ್ತೆಯವರನ್ನು ನಡೆಸಬೇಡಿ. ರೋಮ್‌ನಲ್ಲಿ ಸಂತ ಪೀಟರ್ ಬೆಸಿಲಿಕಾ ಅಥವಾ ಕೊಲೊಸಿಯಮ್, ಒಂದನ್ನೇ ಆರಿಸಿಕೊಳ್ಳಿ. ಬೆಸಿಲಿಕಾ ಇರುವ ವ್ಯಾಟಿಕನ್ ಕಡೆ ಹೋಗುವುದಾದರೆ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲೇ ಇಳಿಯಿರಿ, ಊರಿನ ನಡುವಿನವರೆಗೆ ಹೋಗುವುದು ಬೇಡ. ವ್ಯಾಟಿಕನ್ ಸಂಗ್ರಹಾಲಯಗಳಿಗೆ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ರಜೆ. ಲಿವೊರ್ನೊ ಸರಕು ಸಾಗಣೆಯ ಬಂದರು, ಒಳಗೆ ನಡೆಯಲು ಬಿಡುವುದಿಲ್ಲ, ಊರಿನವರೆಗೆ ಬಸ್ಸಿನಲ್ಲೇ ಹೋಗಬೇಕು. ಅಲ್ಲಿಂದ ಪೀಸಾಗೆ ರೈಲಿನಲ್ಲಿ ಕಾಲು ಗಂಟೆಗಿಂತ ತುಸು ಹೆಚ್ಚು, ಫ್ಲಾರೆನ್ಸ್‌ಗೆ ಒಂದೂವರೆ ಗಂಟೆಯ ಹತ್ತಿರ. ನಿಮ್ಮ ಗುಂಪಿಗೆ ಪೀಸಾ ಸಾಕು. ಫ್ಲಾರೆನ್ಸ್ ಅವಸರದಲ್ಲಿ ನೋಡುವ ಊರಲ್ಲ. ಮಾರ್ಸೇಯಲ್ಲಿ ಹಳೆಯ ಬಂದರಿನ ಸುತ್ತ ಕೂತು ಎದ್ದು ಬನ್ನಿ. ನಾಲ್ಕು ಬಂದರುಗಳಲ್ಲೂ ದಿನವಿಡೀ ಓಡಿದರೆ ಅತ್ತೆಯವರಿಗೆ ಪೊಂಪೇಯಿಯ ಹೊತ್ತಿಗೆ ಕಾಲು ಉಳಿದಿರುವುದಿಲ್ಲ.

ಹಡಗು ಕಂಪನಿಯವರು ಬಂದರಿನ ಸಮಯವನ್ನು ಕೊನೆಯ ಗಳಿಗೆಯಲ್ಲಿ ಬದಲಿಸುವುದುಂಟು. ಪೊಂಪೇಯಿಯ ಟಿಕೆಟ್ಟನ್ನು ಕೊಳ್ಳುವ ಮುನ್ನ ನಿಮ್ಮ ಬುಕಿಂಗ್‌ನಲ್ಲಿ ಸಮಯ 7ರಿಂದ 6.30 ಎಂದೇ ಇದೆಯೇ ಎಂದು ಇನ್ನೊಮ್ಮೆ ನೋಡಿ. ಅಂದು ಯಾವ ವಾರ ಎಂಬುದನ್ನೂ ನೋಡಿಕೊಳ್ಳಿ.